ಧರೆ ಹತ್ತುವಾಗ ಕುಣಿಯುವ ಆರ್‌ಸಿ ಟ್ರಕ್: ಪಟ್ಟಿ ಸ್ಪ್ರಿಂಗ್ ಗಾಡಿಯಲ್ಲಿ ದೋಷ ಹುಡುಕುವ ಬಗೆ

ಅಂಗಳದಲ್ಲಿ ಆರ್‌ಸಿ ಗಾಡಿ, ಅಂದರೆ ರಿಮೋಟಿನಲ್ಲಿ ಓಡಿಸುವ ಮಾದರಿ ಟ್ರಕ್, ಚೆನ್ನಾಗಿಯೇ ಓಡುತ್ತದೆ. ಜಂಬಿಟ್ಟಿಗೆ ಮೆಟ್ಟಿಲು, ತೋಟದ ಧರೆ (ಕಡಿದಾದ ಮಣ್ಣಿನ ದಂಡೆ), ಬೇರು ಎದ್ದ ಕಾಲುದಾರಿ ಬಂತೆಂದರೆ ಕಥೆ ಬೇರೆ. ಮುಂದಿನ ಒಂದು ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ, ಹಿಂದಿನ ಆಕ್ಸಲ್ ಟಕಟಕ ಕುಣಿಯುತ್ತದೆ, ಗಾಡಿ ಅಲ್ಲೇ ಕೂರುತ್ತದೆ. ಮನೆಯಲ್ಲೇ ಉಕ್ಕಿನ ಪಟ್ಟಿ ಕತ್ತರಿಸಿ, ಲಾರಿಯ ಲೀಫ್ ಸ್ಪ್ರಿಂಗ್ ಹಾಗೆ ಒಂದರ ಮೇಲೊಂದು ಜೋಡಿಸಿ ಸಸ್ಪೆನ್ಷನ್ ಕಟ್ಟಿಕೊಂಡವರಿಂದ ಮತ್ತೆ ಮತ್ತೆ ಕೇಳುವ ದೂರು ಇದು. ಅದಕ್ಕೆ ಸಿಗುವ ಸಲಹೆಯೂ ಒಂದೇ: "ಒಂದು ಪಟ್ಟಿ ತೆಗಿ ಮಾರಾಯ, ಎಲ್ಲ ಸರಿಯಾಗ್ತದೆ."

ತೆಗೆಯಬೇಡಿ. ಈಗಲೇ ಅಂತೂ ಬೇಡ. ನಾನು ನೋಡಿದ ಗಾಡಿಗಳಲ್ಲಿ ತಪ್ಪು ಪಟ್ಟಿಯಲ್ಲೇ ಇದ್ದದ್ದು ಕಡಿಮೆ. ಪಟ್ಟಿಯ ಎರಡು ತುದಿಗಳಲ್ಲಿ, ನಡುವೆ ಪಟ್ಟಿಯನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್‌ನಲ್ಲಿ, ಇಲ್ಲವೇ ಪಟ್ಟಿಗೆ ಸಂಬಂಧವೇ ಇಲ್ಲದ, ಆಕ್ಸಲ್‌ಗೆ ಶಕ್ತಿ ಒಯ್ಯುವ ಡ್ರೈವ್‌ಶಾಫ್ಟ್‌ನಲ್ಲಿ ಇದ್ದದ್ದೇ ಜಾಸ್ತಿ. ಪಟ್ಟಿ ತೆಗೆದರೆ ಗಾಡಿ ತಗ್ಗುತ್ತದೆ, ಶಾಫ್ಟ್‌ನ ಕೋನ ಬದಲಾಗುತ್ತದೆ, ಹಳೆಯ ದೋಷದ ಮೇಲೆ ಹೊಸದೊಂದು ಬಂದು ಕೂರುತ್ತದೆ. ಆಮೇಲೆ ಯಾವುದು ಯಾವುದರಿಂದ ಬಂತು ಅಂತ ಬಿಡಿಸುವುದೇ ಕಷ್ಟ. ಹೊಸನಗರದ ಕಡೆಯ ಗೆಳೆಯರೊಬ್ಬರು ಹೀಗೇ ಒಂದು ತೆಗೆದು, ಇನ್ನೊಂದು ತೆಗೆದು, ಕೊನೆಗೆ ಗಾಡಿಯ ಹೊಟ್ಟೆ ನೆಲಕ್ಕೆ ತಾಗುವವರೆಗೆ ಬಂದಿದ್ದರು. ಹತ್ತುವಾಗ ಕುಣಿಯುವುದು ಮಾತ್ರ ನಿಂತಿರಲಿಲ್ಲ. ಅವರ ಗಾಡಿಯಲ್ಲಿ ಏನಾಗಿತ್ತು ಅನ್ನುವುದು ಮುಂದೆ ಬರುತ್ತದೆ.

ಇಲ್ಲಿ ಬರುವ ಅಳತೆಗಳು 1/10 ಸ್ಕೇಲ್ ಗಾಡಿಯವು. ಬ್ಯಾಟರಿ ಸೇರಿ ತೂಕ ಸುಮಾರು 3 ಕೆ.ಜಿ. ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಡಿಫರೆನ್ಷಿಯಲ್ ಲಾಕ್ (ಎಡ ಬಲ ಚಕ್ರ ಒಟ್ಟಿಗೇ ತಿರುಗುತ್ತವೆ). 540 ಅಳತೆಯ ಬ್ರಶ್ ಮೋಟಾರ್, 35 ಅಥವಾ 45 ಟರ್ನ್ (ಒಳಗಿನ ತಂತಿಯ ಸುತ್ತು). 2ಎಸ್ ಲಿಪೋ ಬ್ಯಾಟರಿ, ಅಂದರೆ ಎರಡು ಸೆಲ್ಲಿನದು. ನಾಲ್ಕು ಮೂಲೆಗೂ ಪಟ್ಟಿ ಕಟ್ಟು, ಕಣ್ಣಿನಿಂದ ಕಣ್ಣಿಗೆ (ಕಣ್ಣು ಅಂದರೆ ಬೋಲ್ಟ್ ಹಾಕಲು ಪಟ್ಟಿಯ ತುದಿಯನ್ನು ಸುತ್ತಿ ಮಾಡಿದ ತೂತು) 90 ಮಿ.ಮೀ. ಮುಂದಿನ ಕಣ್ಣು ನೇರ ಚಾಸಿಗೆ (ಗಾಡಿಯ ಅಡಿ ಚೌಕಟ್ಟು), ಹಿಂದಿನ ಕಣ್ಣು ಚಾಸಿಯಿಂದ ತೂಗುವ ಜೋಡಿ ತಗಡಿಗೆ, ಅಂದರೆ ಶ್ಯಾಕಲ್‌ಗೆ. ನಿಮ್ಮದು ಬೇರೆ ಇದ್ದರೆ ಲೆಕ್ಕ ಹೊಂದಿಸಿಕೊಳ್ಳಿ. ಇಂಥ ಗಾಡಿ ಹೊಸದೇನಲ್ಲ. ಟಮಿಯಾದ ಹೈಲಕ್ಸ್ 1981ರಲ್ಲೇ ಪಟ್ಟಿ ಸ್ಪ್ರಿಂಗ್ ಇಟ್ಟುಕೊಂಡು ಬಂದಿತ್ತು, ಬ್ರೂಸರ್ 1985ರಲ್ಲಿ. ಅಂದಿನಿಂದ ಪಟ್ಟಿಯ ಲೆಕ್ಕ ಬದಲಾಗಿಲ್ಲ, ಹಾಗಾಗಿ ದೋಷಗಳೂ ಅವೇ.

ಕರೆಂಟಿನ ಅನುಮಾನ ಮೊದಲೇ ಮುಗಿಸಿ

ಇದಕ್ಕೆ ಜಾಸ್ತಿ ಹೊತ್ತು ಬೇಡ. ಸ್ಟೀರಿಂಗ್ ತಿರುಗಿಸುವ ಪುಟ್ಟ ಮೋಟಾರ್, ಅಂದರೆ ಸರ್ವೋ, ಪೂರ್ತಿ ತಿರುಗಿ ಚಕ್ರ ಕಲ್ಲಿಗೆ ಒತ್ತಿಕೊಂಡಾಗ ಸಿಕ್ಕಾಪಟ್ಟೆ ಕರೆಂಟ್ ಎಳೆಯುತ್ತದೆ. ಸ್ಪೀಡ್ ಕಂಟ್ರೋಲರ್ ಒಳಗಿನ 5 ಅಥವಾ 6 ವೋಲ್ಟ್ ಸಪ್ಲೈ ತಡೆಯಲಿಲ್ಲ ಅಂದರೆ ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್ ಕ್ಷಣಕಾಲ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಮೋಟಾರ್ ತಡವರಿಸುತ್ತದೆ. ದೂರದಿಂದ ನೋಡುವವರಿಗೆ ಆಕ್ಸಲ್ ಕುಣಿದ ಹಾಗೇ ಕಾಣುತ್ತದೆ.

ಗಾಡಿಯನ್ನು ಡಬ್ಬದ ಮೇಲಿಟ್ಟು ನಾಲ್ಕೂ ಚಕ್ರ ಮೇಲೆ ಬರುವಂತೆ ಮಾಡಿ. ಮುಂದಿನ ಚಕ್ರವನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದು ಸ್ಟೀರಿಂಗ್ ಪೂರ್ತಿ ತಿರುಗಿಸಿ, ಜೊತೆಗೆ ಸ್ವಲ್ಪ ಥ್ರಾಟಲ್ ಕೊಡಿ. ರಿಸೀವರ್ ದೀಪ ಮಿಣುಕಿದರೆ ದೋಷ ಅಲ್ಲೇ ಇದೆ, ಸಸ್ಪೆನ್ಷನ್ ಮುಟ್ಟಬೇಡಿ. ಸರ್ವೋಗೆ ಬೇರೆ ವೋಲ್ಟೇಜ್ ರೆಗ್ಯುಲೇಟರ್ ಹಾಕಿ. ಬ್ಯಾಟರಿಯನ್ನೂ ಅಳೆದು ನೋಡಿ. 2ಎಸ್ ಲಿಪೋ ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್. 6.4 ವೋಲ್ಟ್ ಹತ್ತಿರ ಬಂದಾಗ ಹಲವು ಕಂಟ್ರೋಲರ್‌ಗಳು ಶಕ್ತಿ ಕಡಿತ ಮಾಡುತ್ತವೆ. ಅರ್ಧ ಖಾಲಿಯಾದ ಬ್ಯಾಟರಿ ಇಟ್ಟುಕೊಂಡು ಪಟ್ಟಿ ಪರೀಕ್ಷೆ ಮಾಡುವುದು ಸುಮ್ನೆ ಕಾಲಹರಣ.

ಚಕ್ರ ಎತ್ತುತ್ತದೆ, ಆದರೆ ಯಾವ ಬಗೆಯಲ್ಲಿ?

ಅಡುಗೆ ಮನೆಯ ಕಡಪ ಕಲ್ಲಿನ ಕಟ್ಟೆ ಇದಕ್ಕೆ ಸರಿಯಾದ ಜಾಗ. ಸಮತಟ್ಟಾಗಿರುತ್ತದೆ. ಮನೆಯವರ ಕಣ್ತಪ್ಪಿಸಿ ಗಾಡಿ ಅಲ್ಲಿಡಿ. ಥ್ರಾಟಲ್ ಕೊಡುವ ಮೊದಲೇ ಚಾಸಿ ಒಂದು ಕಡೆ ವಾಲಿದೆಯಾ ನೋಡಿ. ವಾಲಿದ್ದರೆ ಎಡದ ಪಟ್ಟಿ ಕಟ್ಟನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಬದಲಿಸಿ. ವಾಲಿದ ಬದಿಯೂ ಬದಲಾಯಿತು ಅಂದರೆ ಪಟ್ಟಿಗಳು ಒಂದೇ ತರ ಇಲ್ಲ. ಬದಲಾಗಲಿಲ್ಲ ಅಂದರೆ ಪಟ್ಟಿ ನಿರಪರಾಧಿ. ಬ್ಯಾಟರಿ ಒಂದು ಪಕ್ಕದಲ್ಲಿದೆ, ಅಥವಾ ಚಾಸಿಯ ಎರಡು ಕಂಬಿಗಳಲ್ಲಿ ಕೊರೆದ ತೂತುಗಳು ಒಂದೇ ಎತ್ತರದಲ್ಲಿಲ್ಲ. ಬರೀ ಚಾಸಿಯನ್ನು ಕಲ್ಲಿನ ಮೇಲೆ ಮಲಗಿಸಿ ಮೂಲೆ ಒತ್ತಿದರೆ ತಿರುಚಿದ್ದು ಗೊತ್ತಾಗುತ್ತದೆ.

ನಿಂತಾಗ ನೇರವಾಗಿದ್ದು, ಎಳೆಯುವಾಗ ಮಾತ್ರ ವಾಲುವ ಗಾಡಿಗೆ ಬೇರೆ ಪರೀಕ್ಷೆ. ಮುಂದಿನ ಬಂಪರನ್ನು ಗೋಡೆಗೆ ತಾಗಿಸಿ ನಿಧಾನ ಥ್ರಾಟಲ್ ಕೊಡಿ, ಯಾವ ಬದಿ ಎದ್ದಿತು ನೋಡಿ. ಆಮೇಲೆ ಹಿಂದಿನ ಬಂಪರನ್ನು ತಾಗಿಸಿ ರಿವರ್ಸ್ ಕೊಡಿ. ಈ ಸಲ ಎದುರು ಬದಿ ಎದ್ದರೆ ಅದು ಡ್ರೈವ್‌ಶಾಫ್ಟ್‌ನ ತಿರುಚು ಬಲ. ಶಾಫ್ಟ್ ಒಂದು ದಿಕ್ಕಿಗೆ ತಿರುಗಲು ಒತ್ತುವಾಗ ಚಾಸಿ ಎದುರು ದಿಕ್ಕಿಗೆ ಹೊರಳುತ್ತದೆ. ಮೆತ್ತನೆಯ ಸಸ್ಪೆನ್ಷನ್ ಇರುವ ಎಲ್ಲ ಗಟ್ಟಿ ಆಕ್ಸಲ್ ಗಾಡಿಗಳಲ್ಲೂ ಇದು ಸ್ವಲ್ಪ ಇದ್ದೇ ಇರುತ್ತದೆ. ರಿವರ್ಸ್‌ನಲ್ಲೂ ಅದೇ ಬದಿ ಎದ್ದರೆ ತಿರುಚು ಬಲ ಅಲ್ಲ, ಆ ಬದಿಯಲ್ಲಿ ಏನೋ ಹಿಡಿದುಕೊಂಡಿದೆ.

ತಿರುಚು ಬಲ ಜಾಸ್ತಿ ಇದ್ದರೆ ಪಟ್ಟಿ ದಪ್ಪ ಮಾಡುವ ಬದಲು ಎರಡು ಪಟ್ಟಿಗಳ ನಡುವಿನ ಅಂತರ ಹೆಚ್ಚಿಸಿ. ಪಕ್ಕಕ್ಕೆ ವಾಲುವುದನ್ನು ತಡೆಯುವ ಬಲ ಆ ಅಂತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. 50 ಮಿ.ಮೀ. ಇದ್ದದ್ದನ್ನು 60 ಮಾಡಿದರೆ 44 ಶೇಕಡಾ ಲಾಭ, ಪಟ್ಟಿ ಅಷ್ಟೇ ಮೆತ್ತಗೆ ಉಳಿಯುತ್ತದೆ. ಮುಂದಿನ ಚಕ್ರದ ಒಳಗೆ ಸ್ವಲ್ಪ ತೂಕ ಸೇರಿಸಿದರೂ ಆಗುತ್ತದೆ. ತೂಕ ಕೆಳಗೆ ಇರಬೇಕು, ಬಾಡಿ ಮೇಲಿನ ಲಗೇಜ್ ಕ್ಯಾರಿಯರ್‌ನಲ್ಲಿ ಅಲ್ಲ. ಅಲ್ಲಿ ಪುಟ್ಟ ಡೀಸೆಲ್ ಕ್ಯಾನು, ಸ್ಟೆಪ್ನಿ ಎಲ್ಲ ಜೋಡಿಸಿ ಚಂದ ನೋಡುವ ಆಸೆ ಎಲ್ಲರಿಗೂ ಇದೆ, ಅದರ ಬೆಲೆ ಧರೆ ಹತ್ತುವಾಗ ಗೊತ್ತಾಗುತ್ತದೆ.

ಒತ್ತಿ ಬಿಡಿ, ಎತ್ತಿ ಬಿಡಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದ ಪರೀಕ್ಷೆ ಇದು. ಸ್ಕೇಲ್ ಪಟ್ಟಿ ಬಿಟ್ಟರೆ ಬೇರೆ ಸಾಮಾನು ಬೇಡ.

ಎರಡೂ ಡ್ರೈವ್‌ಶಾಫ್ಟ್ ಬಿಚ್ಚಿ. ನಾಲ್ಕೂ ಶಾಕ್ ಬಿಚ್ಚಿ. ಬ್ಯಾಟರಿ, ಬಾಡಿ ಹಾಗೇ ಇರಲಿ. ಈಗ ಗಾಡಿ ಬರೀ ಪಟ್ಟಿಗಳ ಮೇಲೆ ನಿಂತಿದೆ. ಶಾಕ್ ಬಿಚ್ಚಿದ ತಕ್ಷಣ ಗಾಡಿ ಕುಸಿದು ಕೂತರೆ ಒಂದು ಉತ್ತರ ಇಲ್ಲೇ ಸಿಕ್ಕಿತು: ಇಲ್ಲಿಯವರೆಗೆ ಗಾಡಿಯನ್ನು ಹೊತ್ತಿದ್ದು ಶಾಕ್ ಒಳಗಿನ ಸುರುಳಿ ಸ್ಪ್ರಿಂಗ್, ಪಟ್ಟಿ ಬರೀ ಚಂದಕ್ಕೆ ಇತ್ತು. ಪಟ್ಟಿ ಗಾಡಿಯಲ್ಲಿ ಶಾಕ್‌ನ ಕೆಲಸ ಕುಲುಕಾಟ ತಡೆಯುವುದು ಮಾತ್ರ. ಒಳಗಿನ ಸ್ಪ್ರಿಂಗ್ ತೆಗೆದು ಬರೀ ತೆಳು ಎಣ್ಣೆ ಬಿಟ್ಟರೆ ಸಾಕು.

ಗಾಡಿ ನಿಂತಿದ್ದರೆ ಚಾಸಿಯ ಹಿಂಭಾಗವನ್ನು ಕೈಯಿಂದ ಕೆಳಗೆ ಒತ್ತಿ, ಮೆಲ್ಲಗೆ ಬಿಡಿ. ತಾನಾಗಿ ಎಲ್ಲಿ ನಿಲ್ಲುತ್ತದೋ ಆ ಎತ್ತರ ಅಳೆದು ಬರೆದುಕೊಳ್ಳಿ. ಈಗ ಚಾಸಿಯನ್ನು ಮೇಲೆತ್ತಿ, ಅಷ್ಟೇ ಮೆಲ್ಲಗೆ ಬಿಡಿ, ಮತ್ತೆ ಅಳೆಯಿರಿ. ಎರಡು ಎತ್ತರಗಳ ವ್ಯತ್ಯಾಸವೇ ನಿಮ್ಮ ಸಸ್ಪೆನ್ಷನ್ ಒಳಗಿನ ಘರ್ಷಣೆ. 1 ರಿಂದ 2 ಮಿ.ಮೀ. ಇದ್ದರೆ ಬಿಡಿ, ಪಟ್ಟಿ ಅಂದ ಮೇಲೆ ಅಷ್ಟು ಇರುತ್ತದೆ. 5 ಮಿ.ಮೀ. ದಾಟಿದರೆ ಎಲ್ಲೋ ಹಿಡಿದಿದೆ. ಆಮೇಲೆ ನೀವು ಎಷ್ಟು ಪಟ್ಟಿ ತೆಗೆದರೂ ಪ್ರಯೋಜನ ಇಲ್ಲ, ಮೆತ್ತನೆಯ ಪಟ್ಟಿಗೆ ಆ ಹಿಡಿತ ಬಿಡಿಸಿಕೊಳ್ಳುವ ಶಕ್ತಿ ಇನ್ನೂ ಕಡಿಮೆ.

ಮೊದಲ ಶಂಕೆ ಕಣ್ಣಿನ ಬೋಲ್ಟ್ ಮೇಲೆ. ಎಂ2.5 ಅಥವಾ ಎಂ3 ಬೋಲ್ಟ್ ಹಾಕಿ, ನಟ್ ಕಳಚದಿರಲಿ ಅಂತ ಬಿಗಿಯಾಗಿ ತಿರುಗಿಸಿರುತ್ತೇವೆ. ಶ್ಯಾಕಲ್‌ನ ಎರಡು ತಗಡುಗಳು ಪಟ್ಟಿಯ ಕಣ್ಣನ್ನು ಅಮುಕಿ ಹಿಡಿಯುತ್ತವೆ. ದೊಡ್ಡ ಜೀಪಿನಲ್ಲಿ ಬುಶ್ ಇರುತ್ತದೆ, ಮೇಲೆ ನೂರಾರು ಕೆ.ಜಿ. ಭಾರ ಇರುತ್ತದೆ, ಸ್ವಲ್ಪ ಬಿಗಿಯಾದರೂ ಭಾರವೇ ಅದನ್ನು ಗೆಲ್ಲುತ್ತದೆ. ನಮ್ಮ ಗಾಡಿಯಲ್ಲಿ ಒಂದು ಪಟ್ಟಿಯ ಮೇಲೆ ಬೀಳುವುದು ಮುಕ್ಕಾಲು ಕೆ.ಜಿ.ಗಿಂತ ಕಡಿಮೆ. ಕಾಲು ಸುತ್ತು ಜಾಸ್ತಿ ತಿರುಗಿಸಿದ ನಟ್ ಸಾಕು, ಶ್ಯಾಕಲ್ ಅಲ್ಲಾಡುವುದೇ ಇಲ್ಲ.

ಹೊಸನಗರದ ಗೆಳೆಯರ ಗಾಡಿಯಲ್ಲಿ ಅರ್ಧ ದೋಷ ಇದೇ. ನೈಲಾಕ್ (ಒಳಗೆ ನೈಲಾನ್ ಉಂಗುರ ಇರುವ) ನಟ್‌ಗಳನ್ನೆಲ್ಲ ಒಂದಿಷ್ಟು ಸಡಿಲ ಮಾಡಿದ್ದೇ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು ಇಳಿಯಿತು. ಆದರೆ ಸಡಿಲ ನಟ್ ಶಾಶ್ವತ ಪರಿಹಾರ ಅಲ್ಲ. ಕಣ್ಣಿನ ಒಳಗೆ ಹಿತ್ತಾಳೆ ಕೊಳವೆಯ ಸಣ್ಣ ತುಂಡು ಹಾಕಿ. ಅದರ ಉದ್ದ ಪಟ್ಟಿಯ ಅಗಲಕ್ಕಿಂತ 0.2 ಅಥವಾ 0.3 ಮಿ.ಮೀ. ಜಾಸ್ತಿ ಇರಲಿ. ಬೋಲ್ಟ್ ಎಷ್ಟು ಬಿಗಿ ಮಾಡಿದರೂ ತಗಡು ಕೊಳವೆಯನ್ನು ಒತ್ತುತ್ತದೆ, ಕಣ್ಣು ಕೊಳವೆಯ ಮೇಲೆ ಆರಾಮಾಗಿ ತಿರುಗುತ್ತದೆ. ಹಾಳಾದ ರೇಡಿಯೋದ ಏರಿಯಲ್ ಮನೆಯಲ್ಲಿದ್ದರೆ ಅದರ ತೆಳು ತುಂಡುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿರುತ್ತವೆ.

ಎರಡನೆಯ ಶಂಕೆ ಶ್ಯಾಕಲ್ ಉದ್ದ ಮತ್ತು ಕೋನ. ಕಮಾನಿನ ಹಾಗೆ ಬಗ್ಗಿದ ಪಟ್ಟಿ ಭಾರ ಬಿದ್ದು ನೇರವಾದಾಗ ಅದರ ಎರಡು ಕಣ್ಣುಗಳ ಅಂತರ ಹೆಚ್ಚುತ್ತದೆ. ಎಷ್ಟು ಅಂತ ಲೆಕ್ಕ ಹಾಕಬಹುದು: ಕಮಾನಿನ ಎತ್ತರದ ವರ್ಗವನ್ನು 8ರಿಂದ ಗುಣಿಸಿ, ಕಣ್ಣುಗಳ ಅಂತರದ ಮೂರು ಪಟ್ಟಿನಿಂದ ಭಾಗಿಸಿ. 90 ಮಿ.ಮೀ. ಅಂತರ, 12 ಮಿ.ಮೀ. ಕಮಾನು ಇದ್ದರೆ ಉತ್ತರ ಸುಮಾರು 4.3 ಮಿ.ಮೀ. ಕಮಾನು 8 ಮಿ.ಮೀ. ಇದ್ದರೆ 1.9 ಮಾತ್ರ. ಆ 4.3 ಮಿ.ಮೀ. ಹಿಂದಕ್ಕೆ ಸರಿಯಲು ಶ್ಯಾಕಲ್ ಜಾಗ ಕೊಡಬೇಕು. 10 ಮಿ.ಮೀ. ಉದ್ದದ ಶ್ಯಾಕಲ್ ಆದರೆ ನೇರ ನಿಂತಲ್ಲಿಂದ 25 ಡಿಗ್ರಿ ವಾಲಿದರೆ ಸಾಕಾಗುತ್ತದೆ. 5 ಮಿ.ಮೀ. ಶ್ಯಾಕಲ್ ಆದರೆ 60 ಡಿಗ್ರಿ ಹತ್ತಿರ ಹೋಗಬೇಕು, ಅಷ್ಟರಲ್ಲಿ ಚಾಸಿಗೆ ತಾಗಿ ನಿಂತಿರುತ್ತದೆ. ನೋಡಲು ಪುಟ್ಟದಾಗಿ ಚಂದ ಇರಲಿ ಅಂತ ಶ್ಯಾಕಲ್ ಗಿಡ್ಡ ಮಾಡುವವರು ಇಲ್ಲೇ ಸಿಕ್ಕಿಬೀಳುವುದು. ಗೆಳೆಯರ ಗಾಡಿಯ ಉಳಿದರ್ಧ ದೋಷವೂ ಇಲ್ಲೇ ಇತ್ತು.

ಕೋನದ ವಿಷಯ. ಗಾಡಿ ತನ್ನ ಭಾರದಲ್ಲಿ ನಿಂತಾಗ ಶ್ಯಾಕಲ್‌ನ ಕೆಳತುದಿ ನೇರ ಕೆಳಗೆ, ಇಲ್ಲವೇ ಆಕ್ಸಲ್‌ನಿಂದ ಸ್ವಲ್ಪ ಆಚೆಗೆ ವಾಲಿರಬೇಕು. ಕೆಳತುದಿ ಆಕ್ಸಲ್ ಕಡೆಗೆ ವಾಲಿದ್ದರೆ ಪಟ್ಟಿ ಉದ್ದವಾಗುವಾಗ ಶ್ಯಾಕಲ್ ನೇರ ನಿಲ್ಲಲು ನೋಡುತ್ತದೆ, ಅಂದರೆ ಚಾಸಿಯನ್ನೇ ಮೇಲಕ್ಕೆ ತಳ್ಳುತ್ತದೆ. ಅದೇ ಪಟ್ಟಿ, ಆದರೆ ಕೈಗೆ ಗಟ್ಟಿ ಅನ್ನಿಸುತ್ತದೆ. ಆಕ್ಸಲ್ ಪೂರ್ತಿ ಕೆಳಗೆ ಜೋತಾಗ ಇಂಥ ಶ್ಯಾಕಲ್ ಮಗುಚಿ ಮೇಲೆ ಸಿಕ್ಕಿಕೊಳ್ಳುವುದೂ ಇದೆ. ಆಗ ಗಾಡಿಯನ್ನು ಕೈಯಲ್ಲಿ ಎತ್ತಿ ಅಲುಗಿಸಿದರೆ ಟಕ್ ಅಂತ ವಾಪಸ್ ಬರುತ್ತದೆ. ಚಾಸಿಯಲ್ಲಿ ಒಂದು ಅಡ್ಡ ಬೋಲ್ಟ್ ಹಾಕಿ ಅಷ್ಟು ದೂರ ಹೋಗದಂತೆ ತಡೆಯಬಹುದು. ಇದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಕೊಡಚಾದ್ರಿ ಹತ್ತುವ ಹಳೆಯ ಜೀಪುಗಳ ಪಕ್ಕ ಬಗ್ಗಿ ನೋಡುವುದು ಲೇಸು. ಗುಂಡಿಗೆ ಚಕ್ರ ಇಳಿದು ಎದ್ದಾಗ ಶ್ಯಾಕಲ್ ಹೇಗೆ ಹಿಂದೆ ಮುಂದೆ ತೂಗುತ್ತದೆ ಅಂತ ಕಾಣುತ್ತದೆ. ನಿಮ್ಮ ಗಾಡಿಯಲ್ಲಿ ಅದು ತೂಗುತ್ತಿಲ್ಲ ಅಂದರೆ ಅಲ್ಲೇ ದೋಷ.

ಮೂರನೆಯದು ಯು ಬೋಲ್ಟ್ ಕೆಳಗಿನ ಪ್ಲೇಟ್. ಪ್ಲೇಟ್ ಅಮುಕಿದಷ್ಟು ಜಾಗದಲ್ಲಿ ಪಟ್ಟಿ ಬಾಗುವುದಿಲ್ಲ, ಅಷ್ಟು ಉದ್ದ ಲೆಕ್ಕಕ್ಕಿಲ್ಲ. ಪಟ್ಟಿಯ ಗಟ್ಟಿತನ ಬಾಗುವ ಉದ್ದದ ಘನಕ್ಕೆ ವಿಲೋಮ. 90ರಲ್ಲಿ 14 ಮಿ.ಮೀ. ಪ್ಲೇಟ್ ಕೆಳಗೆ ಹೋದರೆ ಉಳಿಯುವುದು 76. ಗಟ್ಟಿತನ 66 ಶೇಕಡಾ ಏರಿತು! ಪ್ಲೇಟನ್ನು 8 ಮಿ.ಮೀ.ಗೆ ಇಳಿಸಿದರೆ ಪಟ್ಟಿ ತೆಗೆಯದೆಯೇ ಗಾಡಿ ಮೆತ್ತಗಾಗುತ್ತದೆ. ತುಂಬ ಕಡಿಮೆಯೂ ಮಾಡಬೇಡಿ, ಆಕ್ಸಲ್ ಅಡ್ಡಡ್ಡ ತಿರುಗುತ್ತದೆ.

ಇಷ್ಟೆಲ್ಲ ಆದ ಮೇಲೆ ಗಟ್ಟಿತನ ಅಳೆಯಿರಿ. ಅರ್ಧ ಲೀಟರ್ ನೀರಿನ ಬಾಟಲಿಯನ್ನು ಹಿಂದಿನ ಆಕ್ಸಲ್ ನೇರಕ್ಕೆ ಚಾಸಿಯ ಮೇಲಿಡಿ. ಪ್ರತಿ ಬದಿಗೆ ಸುಮಾರು 250 ಗ್ರಾಂ ಬಿತ್ತು. ಚಾಸಿ 4 ಮಿ.ಮೀ. ಆಸುಪಾಸು ಇಳಿದರೆ ಇಂಥ ಗಾಡಿಗೆ ಸರಿಯಾದ ಪಟ್ಟಿ. 1 ಮಿ.ಮೀ. ಕೂಡ ಇಳಿಯದಿದ್ದರೆ, ಮತ್ತು ಮೇಲಿನ ಘರ್ಷಣೆ ಪರೀಕ್ಷೆ ಪಾಸಾಗಿದ್ದರೆ, ಈಗ ಒಂದು ಪಟ್ಟಿ ತೆಗೆಯಿರಿ. ಈಗ ತೆಗೆದರೆ ಅರ್ಥ ಇದೆ.

ಹಿಂದಿನ ಆಕ್ಸಲ್ ಕುಣಿತ

ಘರ್ಷಣೆ ಹೋಯಿತು, ಗಟ್ಟಿತನ ಸರಿ ಇದೆ, ಆದರೂ ಕಡಿದಾದ ಧರೆಯಲ್ಲಿ ಹಿಂಭಾಗ ಟಕಟಕ ಅನ್ನುತ್ತದೆ ಅಂದರೆ ಆಕ್ಸಲ್ ತಿರುಚಿಕೊಳ್ಳುತ್ತಿದೆ. ಚಕ್ರ ಮುಂದಕ್ಕೆ ತಿರುಗಲು ನೆಲವನ್ನು ಒತ್ತುವಾಗ ಆಕ್ಸಲ್ ಗೂಡು ಹಿಂದಕ್ಕೆ ಹೊರಳಲು ನೋಡುತ್ತದೆ. ಹಿಂದಿನ ಆಕ್ಸಲ್‌ನಲ್ಲಿ ಪಿನಿಯನ್ ಮೂತಿ (ಡ್ರೈವ್‌ಶಾಫ್ಟ್ ಸೇರುವ ತುದಿ) ಮೇಲೇಳುತ್ತದೆ, ಮುಂದಿನ ಆಕ್ಸಲ್‌ನಲ್ಲಿ ಕೆಳಗಿಳಿಯುತ್ತದೆ. ಆಕ್ಸಲನ್ನು ಚಾಸಿಗೆ ಜೋಡಿಸಲು ನಾಲ್ಕು ಲಿಂಕ್ (ಕಂಬಿ) ಇರುವ ಗಾಡಿಯಲ್ಲಿ ಲಿಂಕ್‌ಗಳು ಇದನ್ನು ತಡೆಯುತ್ತವೆ. ಪಟ್ಟಿ ಗಾಡಿಯಲ್ಲಿ ತಡೆಯಲು ಇರುವುದು ಪಟ್ಟಿಯೇ. ತೆಳು ಪಟ್ಟಿ ಹಾವಿನ ಹಾಗೆ ಎರಡು ಬಳುಕು ಬಳುಕುತ್ತದೆ, ಟೈರ್ ಜಾರಿದ ತಕ್ಷಣ ನೆಟ್ಟಗಾಗುತ್ತದೆ, ಮತ್ತೆ ಹಿಡಿತ ಸಿಕ್ಕಾಗ ಮತ್ತೆ ಬಳುಕುತ್ತದೆ. ಅದೇ ಕುಣಿತ.

ಖಚಿತ ಮಾಡಿಕೊಳ್ಳಲು ಹತ್ತು ಸೆಂ.ಮೀ. ಉದ್ದದ ಅಗರಬತ್ತಿ ಕಡ್ಡಿಯೊಂದನ್ನು ಆಕ್ಸಲ್ ಗೂಡಿಗೆ ಟೇಪಿನಿಂದ ಅಂಟಿಸಿ, ತುದಿ ಮೇಲೆ ಬರಲಿ. ಬಂಪರನ್ನು ಗೋಡೆಗೆ ತಾಗಿಸಿ ಥ್ರಾಟಲ್ ಕೊಡುತ್ತ ಮೊಬೈಲ್‌ನಲ್ಲಿ ಸ್ಲೋ ಮೋಷನ್ ತೆಗೆಯಿರಿ. ಕಡ್ಡಿಯ ತುದಿ 10 ಮಿ.ಮೀ. ಸರಿದರೆ ಆಕ್ಸಲ್ ಸುಮಾರು 6 ಡಿಗ್ರಿ ತಿರುಗಿದೆ. ಅಷ್ಟು ನಡೆಯುತ್ತದೆ. ಅದರ ಎರಡು ಪಟ್ಟು ಕಂಡರೆ ಮದ್ದು ಬೇಕು.

ಮೋಟಾರ್ ಬದಲಿಸಿದರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ಹೋಗುವುದಿಲ್ಲ. ಆಕ್ಸಲ್‌ಗೆ ಬರುವ ತಿರುಚು ಬಲಕ್ಕೆ ಮಿತಿ ಹಾಕುವುದು ಟೈರ್‌ನ ಹಿಡಿತ ಮತ್ತು ಅದರ ತ್ರಿಜ್ಯ. ಒಣ ಜಂಬಿಟ್ಟಿಗೆ ಕಲ್ಲು ಉಪ್ಪುಕಾಗದದಷ್ಟು ಒರಟು, ಹಿಡಿತ ವಿಪರೀತ. ಹಾಗಾಗಿ ಬೇಸಿಗೆಯಲ್ಲಿ ಕುಣಿಯುವ ಗಾಡಿ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅದೇ ಕಲ್ಲಿನ ಮೇಲೆ ಕುಣಿಯುವುದಿಲ್ಲ, ಸುಮ್ನೆ ಜಾರುತ್ತದೆ. ದೊಡ್ಡ ಟೈರ್ ಹಾಕಿದ ಮೇಲೆ ಕುಣಿತ ಶುರುವಾಯಿತು ಅನ್ನುವುದಕ್ಕೂ ಕಾರಣ ಇದೇ.

ಸುಲಭದ ಮದ್ದು: ಮೈನ್ ಪಟ್ಟಿಯ (ಕಣ್ಣುಗಳಿರುವ ಉದ್ದದ ಪಟ್ಟಿ) ಮುಂದಿನ ಅರ್ಧಕ್ಕೆ, ಅಂದರೆ ಆಕ್ಸಲ್‌ನಿಂದ ಚಾಸಿಗೆ ನೇರ ಕಟ್ಟಿದ ಕಣ್ಣಿನ ತನಕ, ಕೆಳಗಿನಿಂದ ಒಂದು ಗಿಡ್ಡ ಪಟ್ಟಿ ಸೇರಿಸಿ. ಹಿಂದಿನ ಅರ್ಧ ಮೆತ್ತಗೇ ಇರಲಿ. ಅದರಲ್ಲಿ ಆಗಲಿಲ್ಲ ಅಂದರೆ ಆಕ್ಸಲ್ ಗೂಡಿನಿಂದ ಚಾಸಿಗೆ ಒಂದು ತಡೆ ಕಂಬಿ ಹಾಕಿ. ಅದರ ಚಾಸಿ ಕಡೆಯ ತುದಿಗೂ ಸಣ್ಣ ಶ್ಯಾಕಲ್ ಬೇಕೇ ಬೇಕು. ನೇರ ಬೋಲ್ಟ್ ಹಾಕಿದರೆ ಪಟ್ಟಿ ಒಂದು ವೃತ್ತದಲ್ಲಿ, ಕಂಬಿ ಇನ್ನೊಂದು ವೃತ್ತದಲ್ಲಿ ಓಡಲು ಹೋಗಿ ಎರಡೂ ಸೇರಿ ಆಕ್ಸಲನ್ನು ಕಟ್ಟಿಹಾಕುತ್ತವೆ. ಒತ್ತಿ ಬಿಡುವ ಪರೀಕ್ಷೆಯನ್ನು ಕಂಬಿ ಹಾಕಿದ ಮೇಲೆ ಮತ್ತೆ ಮಾಡಿ.

ಶಾಫ್ಟ್ ಮತ್ತು ಸ್ಟೀರಿಂಗ್

ಬಿಚ್ಚಿಟ್ಟ ಶಾಫ್ಟ್‌ಗಳನ್ನು ಈಗ ಹಾಕಿ. ಒತ್ತಿ ಬಿಡುವ, ಎತ್ತಿ ಬಿಡುವ ಪರೀಕ್ಷೆ ಮತ್ತೊಮ್ಮೆ. ಶಾಫ್ಟ್ ಇಲ್ಲದಾಗ ಸರಿ ಇದ್ದು, ಹಾಕಿದ ಮೇಲೆ ವ್ಯತ್ಯಾಸ ಹೆಚ್ಚಾದರೆ ಶಾಫ್ಟ್ ಉದ್ದವಾಗಿದೆ. ಪಟ್ಟಿ ನೇರವಾಗುವಾಗ ಆಕ್ಸಲ್ ಕೂಡ ಹಿಂದಕ್ಕೆ ಸುಮಾರು 2 ಮಿ.ಮೀ. ಸರಿಯುತ್ತದೆ, ಅದನ್ನು ಮರೆಯುವವರೇ ಜಾಸ್ತಿ. ಹಿಂದಿನ ಶಾಫ್ಟ್ ಪೂರ್ತಿ ಜೋತಾಗ ಕಳಚಿ ಬೀಳಬಾರದು, ಮುಂದಿನದು ಒತ್ತಿದಾಗ ತಳ ಮುಟ್ಟಬಾರದು.

ಶಾಫ್ಟ್‌ನ ಎರಡು ತುದಿಯ ಕವೆಗಳು ಒಂದೇ ನೇರಕ್ಕೆ ಇವೆಯಾ ನೋಡಿ. ಬಿಚ್ಚಿ ಜೋಡಿಸುವಾಗ 90 ಡಿಗ್ರಿ ತಿರುಗಿಸಿ ಹಾಕಿದರೆ ಒಂದು ಸುತ್ತಿಗೆ ಎರಡು ಸಲ ಗಾಡಿ ನಡುಗುತ್ತದೆ. ಇದನ್ನೂ ಆಕ್ಸಲ್ ಕುಣಿತ ಅಂತ ತಪ್ಪು ತಿಳಿಯುವುದುಂಟು. ಇದು ಸಪಾಟು ನೆಲದಲ್ಲೂ, ವೇಗ ಹೆಚ್ಚಿದಂತೆ ಜಾಸ್ತಿಯಾಗಿ ಕೇಳುತ್ತದೆ. ನಿಜವಾದ ಕುಣಿತ ನಿಧಾನದಲ್ಲಿ, ಏರಿನಲ್ಲಿ ಬರುತ್ತದೆ.

ಸ್ಟೀರಿಂಗ್ ದೋಷ ಒಂದೇ ಹೇಳುತ್ತೇನೆ. ಸರ್ವೋ ಚಾಸಿಯ ಮೇಲಿದ್ದರೆ, ಚಕ್ರ ಕಲ್ಲಿಗೆ ಸಿಕ್ಕಾಗ ಸರ್ವೋ ಚಕ್ರವನ್ನು ತಿರುಗಿಸುವ ಬದಲು ಇಡೀ ಆಕ್ಸಲನ್ನು ಪಕ್ಕಕ್ಕೆ ತಳ್ಳುತ್ತದೆ. ಶ್ಯಾಕಲ್‌ನ ಎರಡು ಪಕ್ಕದಲ್ಲಿರುವ ಸಡಿಲ ಜಾಗ ಎಲ್ಲ ಸೇರಿ 2 ಮಿ.ಮೀ. ಆದರೂ ತಿರುವು ಅರ್ಧ ಕಳೆದುಹೋಗುತ್ತದೆ. ತೆಳು ವಾಶರ್ ತುಂಬಿ ಆ ಜಾಗ ಮುಚ್ಚಿ, ಕಣ್ಣು ಅಮುಕದಷ್ಟು ಮಾತ್ರ. ಅದಕ್ಕೂ ಬಗ್ಗದಿದ್ದರೆ ಸರ್ವೋವನ್ನು ಆಕ್ಸಲ್ ಮೇಲೇ ಕೂರಿಸಿ. ಚಂದ ಸ್ವಲ್ಪ ಕಡಿಮೆ, ತಲೆನೋವು ಇಲ್ಲ.

ಈಗ ಪಟ್ಟಿಯ ಸರದಿ

ಬೆಳಿಗ್ಗೆ ನೆಟ್ಟಗೆ ನಿಂತ ಗಾಡಿ ಸಂಜೆ ತಗ್ಗಿ ಕೂತರೆ ಮಾತ್ರ ಪಟ್ಟಿಯ ಉಕ್ಕನ್ನು ಅನುಮಾನಿಸಿ. ಹೊಸ ಪಟ್ಟಿ ಹಾಕುವ ಮೊದಲು ಅದರ ಬಾಗನ್ನು ಪೇಪರ್ ಮೇಲೆ ಪೆನ್ಸಿಲಿನಲ್ಲಿ ಗೀಚಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ಓಡಿಸಿದ ಮೇಲೆ ಬಿಚ್ಚಿ ಅದೇ ಗೆರೆಯ ಮೇಲಿಟ್ಟರೆ ಉತ್ತರ ಸಿಗುತ್ತದೆ.

ಭದ್ರಾವತಿ ಪಕ್ಕದಲ್ಲೇ ಇದ್ದರೂ ನಮಗೆ ಬೇಕಾದ ಅರ್ಧ ಮಿ.ಮೀ. ದಪ್ಪದ ಸ್ಪ್ರಿಂಗ್ ಉಕ್ಕು ಊರಿನ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಕೈಗೆ ಸಿಕ್ಕಿದ್ದರಲ್ಲಿ ಮಾಡುತ್ತೇವೆ. ಟೈಲ್ಸ್, ಯಂತ್ರಗಳ ಪೆಟ್ಟಿಗೆಗೆ ಸುತ್ತಿ ಬರುವ ಕಬ್ಬಿಣದ ಪಟ್ಟಿ ಎಲ್ಲ ಕಡೆ ಬಿದ್ದಿರುತ್ತದೆ, ಅಗಲ ದಪ್ಪ ಎರಡೂ ಹೊಂದುತ್ತದೆ, ಆದರೆ ಬಗ್ಗಿದರೆ ಬಗ್ಗಿದಲ್ಲೇ ಉಳಿಯುತ್ತದೆ. ಮೈನ್ ಪಟ್ಟಿಗೆ ಅದು ಬೇಡ. ಆಕ್ಸಾ ಬ್ಲೇಡ್ 0.65 ಮಿ.ಮೀ. ಆಸುಪಾಸು ದಪ್ಪ ಇರುತ್ತದೆ, ಆದರೆ ಎಲ್ಲ ಬ್ಲೇಡೂ ಒಂದೇ ಅಲ್ಲ. ಪೂರ್ತಿ ಗಟ್ಟಿ ಮಾಡಿದ ಬ್ಲೇಡ್ ಬಗ್ಗಿಸಿದರೆ ಚಟ್ ಅಂತ ಮುರಿಯುತ್ತದೆ. ಹಲ್ಲಿಗೆ ಮಾತ್ರ ಗಟ್ಟಿತನ ಕೊಟ್ಟ ಅಗ್ಗದ ಬ್ಲೇಡಿನ ಬೆನ್ನು ಮೆದು, ತಗ್ಗಿ ಕೂರುತ್ತದೆ. ಬೈಮೆಟಲ್ (ಎರಡು ಬಗೆಯ ಉಕ್ಕು ಬೆಸೆದ) ಬ್ಲೇಡಿನ ಬೆನ್ನು ಸ್ಪ್ರಿಂಗ್ ಗುಣದ ಉಕ್ಕು. ಅದರ ಹಲ್ಲನ್ನು ಗ್ರೈಂಡರ್‌ನಲ್ಲಿ ಮೆಲ್ಲಗೆ, ನೀರಿಗೆ ಅದ್ದುತ್ತ ಸವೆಸಿ ತೆಗೆದರೆ ಬಳಸಬಹುದು.

ನೀರಿಗೆ ಅದ್ದುವುದು ಯಾಕೆ ಅಂದರೆ ಬಿಸಿ. ಉಜ್ಜಿ ಹೊಳೆಯುವ ಉಕ್ಕು ಸುಮಾರು 300 ಡಿಗ್ರಿಗೆ ನೀಲಿಯಾಗುತ್ತದೆ. ಅಲ್ಲಿಯವರೆಗೆ ಚಿಂತೆ ಇಲ್ಲ. ಅದಕ್ಕಿಂತ ತುಂಬ ಮೇಲೆ ಹೋದರೆ ಹದ ಇಳಿಯುತ್ತದೆ. ಕಣ್ಣು ಸುತ್ತಲು ತುದಿಯನ್ನು ಕೆಂಪಗೆ ಕಾಯಿಸಲೇಬೇಕು, ಆಗ ಬಿಸಿ ಒಳಕ್ಕೆ ಹರಿಯದಂತೆ ಉಳಿದ ಪಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ವೈಸ್‌ನಲ್ಲಿ ಹಿಡಿಯಿರಿ. ಪಟ್ಟಿ ಯಾವಾಗಲೂ ಕಣ್ಣಿನಿಂದ ಒಂದೂವರೆ ಸೆಂ.ಮೀ. ದೂರದಲ್ಲೇ ಬಗ್ಗಿ ಉಳಿಯುತ್ತಿದ್ದರೆ ಅಲ್ಲಿಯವರೆಗೆ ಬಿಸಿ ಹೋಗಿತ್ತು ಅಂತ ಅರ್ಥ. ನಡುವಿನ ತೂತಿನಲ್ಲಿ ಮುರಿದರೆ ತೂತಿನ ಅಂಚು ಒರಟಾಗಿತ್ತು, ಇಲ್ಲವೇ ಯು ಬೋಲ್ಟ್ ಸಡಿಲವಾಗಿ ಭಾರವೆಲ್ಲ ಸೆಂಟರ್ ಬೋಲ್ಟ್ ಮೇಲೆ ಬಿದ್ದಿತ್ತು. ಮುರಿದ ಜಾಗವೇ ಕಾರಣ ಹೇಳುತ್ತದೆ, ತುಂಡನ್ನು ಎಸೆಯುವ ಮೊದಲು ನೋಡಿ.

ದಪ್ಪ ಬದಲಿಸುವಾಗ ಹುಷಾರು. ಗಟ್ಟಿತನ ದಪ್ಪದ ಘನಕ್ಕೆ ತಕ್ಕಂತೆ ಹೋಗುತ್ತದೆ. 0.5 ಬದಲು 0.4 ಮಿ.ಮೀ. ಹಾಕಿದರೆ ಗಟ್ಟಿತನ ಹೆಚ್ಚುಕಡಿಮೆ ಅರ್ಧ. 0.6 ಹಾಕಿದರೆ ಒಂದು ಮುಕ್ಕಾಲು ಪಟ್ಟು. ಅಗಲ ಬದಲಿಸುವುದು ಇದಕ್ಕಿಂತ ಸೌಮ್ಯ: 8 ಮಿ.ಮೀ. ಅನ್ನು 7 ಮಾಡಿದರೆ ಎಂಟರಲ್ಲಿ ಒಂದು ಪಾಲು ಮಾತ್ರ ಕಡಿಮೆ. ಸ್ವಲ್ಪ ಮೆತ್ತಗೆ ಬೇಕಿದ್ದರೆ ಅರ ಹಿಡಿದು ಅಗಲ ಕಡಿಮೆ ಮಾಡಿ.

ಜೂನ್‌ನಿಂದ ಸೆಪ್ಟೆಂಬರ್ ತನಕ

ಆಗುಂಬೆ, ತೀರ್ಥಹಳ್ಳಿ ಕಡೆಯವರಿಗೆ ಇದು ಬೇರೆಯೇ ದೋಷಪಟ್ಟಿ. ಬೇಸಿಗೆಯಲ್ಲಿ 1 ಮಿ.ಮೀ. ಇದ್ದ ಘರ್ಷಣೆ ಮಳೆಗಾಲದಲ್ಲಿ 4 ಆಗುತ್ತದೆ. ಕಾರಣ ಎರಡು: ಪಟ್ಟಿಗಳ ನಡುವೆ ಸೇರಿದ ಕೆಂಪು ಮಣ್ಣು, ಮತ್ತು ತುಕ್ಕು. ಲಾರಿ ಗ್ಯಾರೇಜುಗಳಲ್ಲಿ ಪಟ್ಟಿಗೆ ಹಳೆಯ ಎಂಜಿನ್ ಆಯಿಲ್ ಬಳಿಯುವುದನ್ನು ನೋಡಿ ನಾವೂ ಎಣ್ಣೆ ಹಾಕಲು ಹೋಗುತ್ತೇವೆ. ಸಣ್ಣ ಗಾಡಿಗೆ ಅದು ಕೆಡುಕು. ಎಣ್ಣೆಗೆ ಜಂಬಿಟ್ಟಿಗೆ ಪುಡಿ ಅಂಟಿ ಉಜ್ಜುವ ಪೇಸ್ಟ್ ಆಗುತ್ತದೆ. ಕಟ್ಟು ಬಿಚ್ಚಿ, ಪಟ್ಟಿಗಳ ಮುಖವನ್ನು ಸಣ್ಣ ಉಪ್ಪುಕಾಗದದಿಂದ ಉದ್ದಕ್ಕೆ ಉಜ್ಜಿ, ಪೆನ್ಸಿಲ್ ಸೀಸದ ಪುಡಿ ತಿಕ್ಕಿ, ಹೊರಮುಖಕ್ಕೆ ಮಾತ್ರ ತೆಳುವಾಗಿ ಮೇಣ ಹಚ್ಚಿ. ಕಣ್ಣುಗಳಿಗೆ ಚೂರು ಗ್ರೀಸ್.

ಓಡಿಸಿ ಬಂದ ಮೇಲೆ ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕಿತ್ತುಕೊಳ್ಳುವ ಮೊದಲು ಗಾಡಿಗೆ ನೀರು ಹಾಕಿ ಎನ್ನುವಷ್ಟು ನಾನು ಕಟುಕನಲ್ಲ. ಆದರೆ ಅದೇ ಸಂಜೆ ತೊಳೆಯಲೇಬೇಕು. ಮಣ್ಣು ಒಣಗಿದರೆ ಶ್ಯಾಕಲ್ ಸಂದಿಯಲ್ಲಿ ಗಾರೆಯಾಗುತ್ತದೆ. ತೊಳೆದು, ಒರೆಸಿ, ಒಲೆಯ ಮೇಲಿನ ಅಟ್ಟದಂಥ ಬೆಚ್ಚಗಿನ ಜಾಗದಲ್ಲಿ ಗಾಡಿ ಇಡಿ. ಲಿಪೋ ಬ್ಯಾಟರಿ ಮಾತ್ರ ಅಲ್ಲಿ ಬೇಡ. ಅದನ್ನು ಹೊರತೆಗೆದು, ಸೆಲ್ಲಿಗೆ 3.8 ವೋಲ್ಟ್ ಹತ್ತಿರ ಇಟ್ಟು ತಣ್ಣಗಿನ ಜಾಗದಲ್ಲಿಡಿ. ಆಕ್ಸಲ್ ಬೇರಿಂಗ್ ಕೈಯಲ್ಲಿ ತಿರುಗಿಸಿದಾಗ ಗರಗರ ಅಂದರೆ ಬದಲಿಸಿ, ತುಕ್ಕು ಒಳಗೆ ಹೋದ ಮೇಲೆ ತೊಳೆದು ಉಪಯೋಗವಿಲ್ಲ.

ಎಲ್ಲ ಜೋಡಿಸಿದ ಮೇಲೆ ಒಂದು ಅಡಿಕೆ ದಬ್ಬೆಯನ್ನು ಮೆಟ್ಟಿಲಿಗೆ ಓರೆಯಾಗಿ ಇಟ್ಟು ಮುಂದಿನ ಒಂದು ಚಕ್ರವನ್ನು ಮಾತ್ರ ಅದರ ಮೇಲೆ ಹತ್ತಿಸಿ. ಉಳಿದ ಮೂರರಲ್ಲಿ ಯಾವುದಾದರೂ ಏಳುವ ತನಕ ಹೋಗಿ, ದಬ್ಬೆಯ ಮೇಲೆ ಗುರುತು ಹಾಕಿ. ಇನ್ನೊಂದು ಬದಿಯ ಚಕ್ರದಿಂದಲೂ ಅದನ್ನೇ ಮಾಡಿ. ಎರಡು ಗುರುತುಗಳು ಹತ್ತಿರ ಹತ್ತಿರ ಬರಬೇಕು. ಒಂದು ತುಂಬ ಕೆಳಗಿದ್ದರೆ ಆ ಬದಿಯ ಕಣ್ಣಿನ ಬೋಲ್ಟ್‌ಗಳಿಂದ ಮತ್ತೆ ಶುರು ಮಾಡಿ. ಹೊಸದಾಗಿ ಕಟ್ಟಿದ ಪಟ್ಟಿ ಮೊದಲ ಸಲ ಓಡಿದ ಮೇಲೆ ಒಂದಿಷ್ಟು ಕೂತು ಯು ಬೋಲ್ಟ್ ಸಡಿಲವಾಗುವುದು ಸಹಜ, ಹಾಗಾಗಿ ಮೊದಲ ಓಟಕ್ಕೆ ಹೋಗುವಾಗ ಸ್ಪ್ಯಾನರ್ ಜೇಬಿನಲ್ಲಿರಲಿ.